ಒಂದು ಮನೆ ಜರುಗಿ

ಪಾಲಯ್ಯ ಮೇಷ್ಟ್ರು ಜೆರಾಕ್ಸ್ ಕೊಟ್ಟು ಕಳಿಸಿದ್ದರು.
ಎಂಬತ್ತು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಸೊನ್ನೆ;
ಸರಿ ಅನ್ನಿಸಿದ ಸೊನ್ನೆಗೆ ಮಸಿ ತುಂಬಬೇಕು,
ಗೆರೆ ದಾಟಬಾರದು.
ಬನಶ್ರೀ ಹಾಳೆಯನ್ನು ಬಲ್ಬಿಗೆ ಹಿಡಿದಳು.
ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು
ತಲೆಯೆತ್ತಿ ನೋಡಿದೆ:
ಎಲಾ, ಇದು ನಮ್ಮ ಜಕಾರ್ಡಿನ ರಟ್ಟಲ್ಲವೇ!

ಮೊಳಕಾಲ್ಮುರಿನ ನಮ್ಮ ಕೇರಿಯಲ್ಲಿ ಈ ರಟ್ಟು ಓದದವರಿಲ್ಲ.
ತೂತಿದ್ದಲ್ಲಿ ಎಳೆ ಏಳುತ್ತದೆ,
ಇಲ್ಲದಲ್ಲಿ ಮಲಗುತ್ತದೆ.
ನೂರಾರು ರಟ್ಟು ಸರದಿಯಲ್ಲಿ ಸುತ್ತಿ ಬಂದರೆ
ಸೆರಗಿನ ಮೇಲೊಂದು ನವಿಲು.
ಏಳನೇ ಕ್ಲಾಸು ದಾಟದ ನನಗೆ
ಇಷ್ಟು ಓದು ಸಾಕಾಗಿತ್ತು.

ಆಕೃತಿಯ ಪ್ರಶ್ನೆಗಳಲ್ಲಿ ನಾನೇ ಮುಂದು.
‘ಇದು ಕನ್ನಡಿಯಲ್ಲಿ ಹೇಗೆ ಕಾಣುತ್ತದೆ?’
ಸೀರೆಯ ಬೆನ್ನು ನೋಡುತ್ತ ಮುಖ ನೇಯುವವನಿಗೆ
ಕೇಳುವ ಮಾತೇ ಇದು?
ಮೂರನೇದು ಅಂದೆ, ಲಾಳಿ ನಿಲ್ಲಿಸದೆ.
ಅವಳು ಕೊನೆಯ ಪುಟದ ಉತ್ತರ ನೋಡಿ ಬಾಯಿ ಬಿಟ್ಟಳು.
ಆ ರಾತ್ರಿ ಒಂದು ಗೇಣು ಹೆಚ್ಚೇ ನೇಯ್ದೆ.

ಮಾನ ಹೋದದ್ದು ಲೆಕ್ಕದಲ್ಲಿ.
‘ಆರು ಜನ ಎಂಟು ದಿನದಲ್ಲಿ ಮುಗಿಸುವ ಕೆಲಸ
ನಾಲ್ಕು ಜನರಿಗೆ ಎಷ್ಟು ದಿನ?’
ಯಾವ ಸೀರೆ, ಅಂದೆ.
ಒಡಲೆಲ್ಲ ಬುಟ್ಟಾನೋ, ಬರೀ ಅಂಚೋ?
ಆರರಲ್ಲಿ ಒಬ್ಬ ಗಾದ್ರಪ್ಪ ಇದ್ದರೆ
ಸೋಮವಾರ ಬರುವುದೇ ಇಲ್ಲ.
ಎಳೆ ತುಂಡಾದರೆ? ಸಾಹುಕಾರ ಜರಿ ತಡ ಮಾಡಿದರೆ?
‘ಅಪ್ಪಾ,’ ಅಂದಳು, ಥೇಟ್ ಮೇಷ್ಟ್ರ ದನಿಯಲ್ಲಿ,
‘ಅದೆಲ್ಲ ಆಯ್ಕೆಯೊಳಗಿಲ್ಲ.
ಹನ್ನೆರಡು. ಬಿ.’
ರಾಟೆ ತಿರುಗಿಸುತ್ತಿದ್ದ ಅವರಮ್ಮ
ನಕ್ಕ ನಗುವಿಗೆ ನೂಲು ಕಡಿಯಿತು.

ಡಿಸೆಂಬರಿನ ಒಂದು ರಾತ್ರಿ ಗಡಿಯಾರ ಇಟ್ಟು ಬರೆಸಿದೆ.
ಎರಡು ತಾಸು. ಅರ್ಧಕ್ಕಿಂತ ಹೆಚ್ಚು ತಪ್ಪು.
ಅವಳು ಗೋಡೆಗೆ ಮುಖ ಮಾಡಿ ಮಲಗಿದಳು.
ನಾನು ಹಾಳೆಯ ಮೇಲೆ ಬೆರಳಿಟ್ಟು ಇಳಿದೆ.
ಮೂವತ್ತರವರೆಗೆ ನೇರ.
ಮೂವತ್ತೊಂದು ಬಂದಿಲ್ಲ, ಬಿಟ್ಟಿದ್ದಾಳೆ;
ಮೂವತ್ತೆರಡರ ಉತ್ತರ ಮೂವತ್ತೊಂದರ ಸಾಲಿಗೆ,
ಅದರ ಮುಂದಿನದು ಅದರ ಹಿಂದಿನದಕ್ಕೆ,
ಹಾಗೇ ತಳದ ತನಕ:
ಎಲ್ಲ ಸರಿಯೇ, ಒಂದು ಮನೆ ಜರುಗಿ.

ಅಂಥ ಸೀರೆ ನಾನೂ ನೇಯ್ದಿದ್ದೇನೆ.
ಮದುವೆಯಾದ ಹೊಸತು, ಕೈ ಮಗ್ಗದಲ್ಲಿ, ಮನಸ್ಸು ಎಲ್ಲೋ,
ರಟ್ಟು ಪೋಣಿಸುವಾಗ ಒಂದು ತಪ್ಪಿಸಿದೆ.
ಪ್ರತಿ ನವಿಲಿಗೂ ಕತ್ತು ಉಳುಕಿತು.
ಸಾಹುಕಾರ ಸೀರೆಯನ್ನು ನನ್ನ ಮೇಲೇ ಎಸೆದು ಕೂಲಿ ಹಿಡಿದ.
ಈಗಲೂ ಹಬ್ಬಕ್ಕೆ ಅವರಮ್ಮ ಉಡುವುದು ಅದನ್ನೇ.
ಟ್ರಂಕಿನಿಂದ ತೆಗೆದು ಮಗಳ ಮುಂದೆ ಬಿಡಿಸಿದೆ.
‘ಬಿಚ್ಚಿ ಮತ್ತೆ ನೇಯಬಹುದಿತ್ತಲ್ಲಪ್ಪ?’
ಬಹುದಿತ್ತು. ರೇಷ್ಮೆ ಬಿಚ್ಚಿಸಿಕೊಳ್ಳುತ್ತದೆ ಮಗಳೇ,
ಬಾಲ್‌ಪೆನ್ನು ಬಿಚ್ಚಿಸಿಕೊಳ್ಳೋದಿಲ್ಲ.
ಬಾರದ್ದನ್ನು ಬಿಡು, ಆದರೆ ಅದರ ಜಾಗವನ್ನೂ ಬಿಡು.
ತೂತಿಲ್ಲದ ರಟ್ಟೂ ಸರದಿಯಲ್ಲಿ ಒಂದು ರಟ್ಟೇ.

ಒಂದು ಮಾತು ಮಾತ್ರ ಹೇಳಲಿಲ್ಲ.
ಪಾಸಾದರೆ ಹಾಸ್ಟೆಲ್ಲು.
ಸಂಜೆ ಕಂಡಿಕೆ ಸುತ್ತುವ ಆ ಸಣ್ಣ ಬೆರಳು
ಕಣ್ಣಿಗೆ ಬಿದ್ದಾಗೆಲ್ಲ
ಹೊಕ್ಕು ಎಣಿಸುವುದು ತಪ್ಪುತ್ತಿತ್ತು.

ಪರೀಕ್ಷೆ ಶನಿವಾರ.
ಹೈಸ್ಕೂಲಿನ ಗೇಟಿನ ಮುಂದೆ ನುಂಕೆಮಲೆಯ ಕಡೆಯ ಗಾಳಿ,
ಡಬ್ಬಿ ಹಿಡಿದ ತಾಯಂದಿರು, ಬೀಡಿ ಹಚ್ಚಲು ನಾಚಿದ ಅಪ್ಪಂದಿರು.
ಸೋಮವಾರ ಬಾರದ ಗಾದ್ರಪ್ಪ
ಆರು ಗಂಟೆಗೇ ಬಂದು ನಿಂತಿದ್ದ, ಮಗನ ಪ್ಯಾಡು ಬಗಲಲ್ಲಿಟ್ಟು.
ಇಬ್ಬರೂ ಮಾತಾಡಲಿಲ್ಲ.

ಹೊರಬಂದಳು. ಹೆಬ್ಬೆರಳಿಗೆ ಮಸಿ.
ಎಷ್ಟು ಬರಬಹುದು ಅಂತ ಕೇಳಬಾರದೆಂದು
ಮೇಷ್ಟ್ರು ಹೇಳಿದ್ದರು, ಕೇಳಲಿಲ್ಲ.
ಅವಳೇ ಅಂದಳು: ‘ನಲವತ್ತೇಳು ಬರಲಿಲ್ಲ. ಜಾಗ ಬಿಟ್ಟೆ.’
ಹೋಟೆಲಿನ ಹತ್ತಿರ ನಿಂತು ಮತ್ತೆ:
‘ಆ ಕೆಲಸದ ಲೆಕ್ಕ ಬಂದಿತ್ತಪ್ಪ.
ಗಾದ್ರಪ್ಪ ಮಾವ ನೆನಪಾಗಿ ನಗು ಬಂತು,
ಎರಡು ನಿಮಿಷ ಹಾಳಾಯ್ತು.’
ಯಾವ ಸೀರೆ ಅಂತ ಕೊಟ್ಟಿದ್ದರಾ, ಅಂದೆ.
‘ಇಲ್ಲ,’ ಅಂದಳು ಇಡ್ಲಿ ಮುರಿಯುತ್ತ,
‘ಗೋಡೆ ಕಟ್ಟೋದು.’