ತಡವಾಗಿ ಬಂದ ತಂತಿ

ಆರು ಜನ ಹೊತ್ತು ತಂದರು ಅದನ್ನು
ವಾಲ್ಪರೈಸೊದ ಈ ಗುಡ್ಡಕ್ಕೆ,
ನೂರ ಅರವತ್ತೆರಡು ಮೆಟ್ಟಿಲು.
ಏಳನೆಯವನು ಬೈಯಲಿಕ್ಕೆ.

ಹ್ಯಾಂಬರ್ಗಿನಲ್ಲಿ ಹಡಗು ಹತ್ತಿ
ಕೇಪ್ ಹಾರ್ನ್ ಸುತ್ತಿ ಬಂದ ಪಿಯಾನೋ.
ಅಂದು ಸತುವಿನ ಹಾಳೆಯಲ್ಲಿ
ಬಾಣಂತಿಯಂತೆ ಬೆಚ್ಚಗಿತ್ತಂತೆ.
ಇಂದು ಹೊಟ್ಟೆಯೊಳಗೆ ನುಸಿ, ಉಪ್ಪು,
ಒಂದು ಹೇರ್‌ಪಿನ್, ಮೂರು ಸೆಂಟಾವೊ,
ಯಾರದೋ ಹಾಲುಹಲ್ಲು.

'ಮೊದಲಿನ ಹಾಗೇ ಆಗಬೇಕು'
ಎಂದಳು ದೊನ್ಯಾ ಫಿಲೊಮೆನಾ,
ಬಂದರಿನ ಬಳಿ ಮೀನೂಟದ ಅಂಗಡಿಯವಳು.
ಯಾವ ಮೊದಲು? ಕೇಳಲಿಲ್ಲ ನಾನು.
ಮುಂಗಡ ಬೇಕಿತ್ತು.

ಬಿರಡೆಗಳು ಸಡಿಲ. ನಾದದ ಹಲಗೆಯಲ್ಲಿ
ಬೆರಳು ತೂರುವಷ್ಟು ಬಿರುಕು.
ಅದೆಲ್ಲ ದಿನದ ಕೆಲಸ, ಅಂಟು, ಬೆಣೆ, ತಾಳ್ಮೆ.
ಆದರೆ ಮಂದ್ರದಲ್ಲಿ, ಎಡದಿಂದ ಹನ್ನೊಂದನೆಯದು
ತಾಮ್ರ ಸುತ್ತಿದ ತಂತಿಯೇ ಅಲ್ಲ!
ಬೂದು ಬಣ್ಣದ ಒರಟು ಕಬ್ಬಿಣ,
ಇಕ್ಕಳದಲ್ಲಿ ತಿರುಚಿ, ಬೇಲಿ ಬಿಗಿದ ಹಾಗೆ ಬಿಗಿದದ್ದು.
ಮುಟ್ಟಿದರೆ ನೆಗಡಿಯಾದ ಪಾದ್ರಿಯ ದನಿ.

ಎರಡು ದಿನ ಬೈದೆ, ಮಾಡಿದವನನ್ನು.
ಕಟುಕ, ಅಂದೆ. ಕುದುರೆಗೆ ಲಾಳ ಹೊಡೆಯಬೇಕಾದವನು.
ರೇಡಿಯೋ ಆರಿಸಿ ಮತ್ತೂ ಬೈದೆ.

ಮೂರನೇ ದಿನ ಮನೆಗಳನ್ನು ಎತ್ತತೊಡಗಿದೆ,
ಎಂಬತ್ತೈದು ಮನೆ, ದಂತ ಹಳದಿ, ಎರಡು ಬೋಳು.
ಮೊದಲನೆಯದರ ಪಕ್ಕೆಯಲ್ಲಿ
ಪೆನ್ಸಿಲಿನ ಓರೆ ಅಕ್ಷರ:
ಇ. ಟೀಟ್ಯೆನ್, ಶ್ರುತಿ ಮಾಡಿದ್ದು,
೨೯ ಆಗಸ್ಟ್ ೧೯೦೬.

ಹದಿನಾರಕ್ಕೆ ನೆಲ ನಡುಗಿದ್ದು.
ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ,
ನಮ್ಮ ಮುತ್ತಜ್ಜಿಯರು ವಯಸ್ಸು ಎಣಿಸಿದ್ದೇ
ಆ ರಾತ್ರಿಯಿಂದ.
ಹದಿಮೂರು ದಿನ, ಹಾಗಾದರೆ.
ಬೂದಿ ಇನ್ನೂ ಬಿಸಿಯಿದ್ದೀತು.
ಬೀದಿಯಲ್ಲಿ ಕಂಬಗಳು ಮಲಗಿ
ತಂತಿ ಟಪಾಲಿನ ತಂತಿ
ಸಿಕ್ಕುಸಿಕ್ಕಾಗಿ ಬಿದ್ದಿದ್ದೀತು, ಯಾರಿಗೂ ಬೇಡವಾಗಿ.

ಹದಿಮೂರನೇ ದಿನ ಶ್ರುತಿಗಾರನಿಗೆ
ಹೇಳಿಕಳಿಸುವವರು ಯಾರು?
ಹುಚ್ಚರು, ಅನ್ನಬೇಕು.
ಅನ್ನಲಾರೆ. ಎರಡು ಸಾವಿರದ ಹತ್ತರಲ್ಲಿ
ನಡುಕದ ನಾಲ್ಕನೇ ದಿನ, ನಲ್ಲಿ ಒಣಗಿರುವಾಗ,
ನನ್ನಮ್ಮ ಕೂತು
ಬೆಳ್ಳಿ ಚಮಚ ಉಜ್ಜುತ್ತಿದ್ದಳು. ಆರೂ ಚಮಚ.
ಯಾರೂ ಯಾಕೆಂದು ಕೇಳಲಿಲ್ಲ.

ತಪ್ಪಾಯಿತು, ಟೀಟ್ಯೆನ್.
ನಿನ್ನ ತಂತಿ ತಲುಪಿತು,
ನೂರು ಚಿಲ್ಲರೆ ವರ್ಷ ತಡವಾಗಿ,
ತಪ್ಪು ವಿಳಾಸಕ್ಕೆ.

ಇಷ್ಟಾದರೂ ಬಿಚ್ಚಿದೆ ಅದನ್ನು.
ತುಕ್ಕು ತಿಂದಿತ್ತು, ಇನ್ನೊಂದು ಚಳಿಗಾಲಕ್ಕೆ
ಕಡಿದು ಯಾರ ಕಣ್ಣಿಗೋ ಹಾರುತ್ತಿತ್ತು.
ಹೊಸದು ಹಾಕಿದೆ, ತಾಮ್ರದ್ದು, ಸರಿಯಾದದ್ದು.
ದೊನ್ಯಾ ಫಿಲೊಮೆನಾ ಒಂದು ವಾಲ್ಟ್ಸ್ ಬಾರಿಸಿ
ಎರಡು ಸಲ ತಪ್ಪಿ, ಅತ್ತು,
ಬಾಕಿ ಹಣದ ಜೊತೆ ಒಂದು ಬುಟ್ಟಿ ಚಿಪ್ಪುಮೀನು ಕೊಟ್ಟಳು.

ಹಳೇ ತಂತಿ ನನ್ನಲ್ಲಿದೆ.
ಅಡುಗೆಮನೆ ಕಿಟಕಿಯ ಚಿಲಕ ಮುರಿದಿತ್ತು,
ಅಲ್ಲಿ ಬಿಗಿದಿದ್ದೇನೆ, ಇಕ್ಕಳದಲ್ಲಿ ತಿರುಚಿ,
ಬೇಲಿ ಬಿಗಿದ ಹಾಗೆ.
ತೆಂಕಣ ಗಾಳಿ ಎದ್ದ ರಾತ್ರಿ ಗುನುಗುತ್ತದೆ.
ಯಾವ ಸ್ವರ ಎಂದು
ಶ್ರುತಿ ಹಿಡಿದು ನೋಡಿಲ್ಲ.