ಎಪ್ಪತ್ಮೂರನೇ ಕಲ್ಲು

ವಿಜಾಪುರದ ನಡುಪ್ಯಾಟಿ, ಹಳೆ ಕಂದಕದ ಸೇತುವೆ.
ಅದರ ಕಲ್ಲುಕಲ್ಲಿಗೂ ಬಿಳಿ ಬಣ್ಣದಲ್ಲಿ
ನಂಬರು ಬರೆದವನು ನಾನೇ,
ಬಿಚ್ಚಿದ್ದು ಒಂದು, ಕಟ್ಟಿದ್ದು ಒಂದು ಆಗಬಾರದಲ್ಲ.
ಟಂಟಂಗಳು, ಜೋಳದ ಚೀಲದ ಗಾಡಿಗಳು
ನನ್ನ ತಗಡಿನ ಬೋರ್ಡಿಗೆ ಬೈದು
ಸುತ್ತುಹಾಕಿ ಹೋದವು ಏಳು ತಿಂಗಳು.

ದಾವಲಸಾಬರು ಸಿಮೆಂಟಿನ ತೇಪೆ ಕಿತ್ತರು,
ಕಿವಿಯ ಗುಗ್ಗಿ ತೆಗೆಯುವವರ ನಾಜೂಕಿನಲ್ಲಿ.
"ಇದು ಕಲ್ಲಿಗೆ ಉಸುರಾಡಗೊಡೂದಿಲ್ರಿ."
ಸುಣ್ಣ, ಬೆಲ್ಲದ ನೀರು, ಬಿಲ್ವದಕಾಯಿಯ ಅಂಟು
ಕೊಳೆಯಲು ಬಿಟ್ಟು, ಕೈ ಒರೆಸಿಕೊಂಡು ಕೇಳಿದರು:
"ಸಾಹೇಬ್ರ, ಎಪ್ಪತ್ಮೂರು ಎಲ್ಲಿ?"

ಮೋಟುಗೋಡೆಯಲ್ಲಿ ಅದಿರಲೇ ಇಲ್ಲ.
ಖಾಲಿ ಜಾಗಕ್ಕೇ ನಂಬರು ಕೊಟ್ಟಿದ್ದೆ.

ಸಿಕ್ಕಿತು ಕಡೆಗೆ,
ಲಿಂಬಿಕಾಯಿ ಮಾರುವ ತಂಗೆವ್ವನ ಕೆಳಗೆ.
ಇಪ್ಪತ್ತೆಂಟು ವರ್ಷ ಕೂತು ಕೂತು
ಒಂದು ಮಗ್ಗಲು ಗಾಜಿನಷ್ಟು ನುಣುಪು.
ಆಕೆ ಏಳಲಿಲ್ಲ.
"ಒಯ್ಯಿರಿ. ನಾ ಎಲ್ಲಿ ಕುಂದರ್ಲಿ ಅಂತ
ನಿಮ್ಮ ಕಾಗದದಾಗ ಬರದೈತೇನು?"
ನಕ್ಷೆ ಬಿಚ್ಚಿದೆ, ಸುಮ್ಮನೆ.
ಬರೆದಿರಲಿಲ್ಲ.

ನುಣುಪು ಮಗ್ಗಲು ಒಳಗೆ ಹೋಗಲಿ ಎಂದೆ.
ನಕ್ಷೆಯೂ ಅದನ್ನೇ ಹೇಳುತ್ತಿತ್ತು.
ದಾವಲಸಾಬರು ಕೇಳಿಸದವರಂತೆ
ಮೇಲೆ ಮಾಡಿ ಕೂಡಿಸಿದರು,
ಮಳೆನೀರು ನಿಲ್ಲದಂತೆ ಒಂದು ಬೆರಳು ವಾಟ ಕೊಟ್ಟು.

ಈಗ ಸೇತುವೆ ಸೈಕಲ್ಲಿಗೆ, ಕಾಲಿಗೆ ಅಷ್ಟೇ.
ಬಿಲ್ಲಿಗೆ ಸಹಿ ಹಾಕುವ ಮುಂಜಾನೆ ಹೋದೆ,
ಯಾರೂ ಇಲ್ಲವೆಂದು ಕೂತು ನೋಡಿದೆ.
ನಂಬರು ಅಳಿಸಿತ್ತು. ಕಲ್ಲು ತಣ್ಣಗಿತ್ತು.

ಬುಟ್ಟಿ ಇಳಿಸುವ ಸಪ್ಪಳ.
"ಸರೀರಿ ಸಾಹೇಬ್ರ ಒಂಚೂರು,
ಇನ್ನೂ ಬೋಣಿಗಿ ಆಗಿಲ್ಲ."