ಚಕ್ಕೆ ತೆಗೆದ ಹಣ್ಣು

ಭತ್ತ ಕೊಯ್ದ ಬೇಲೆಕೇರಿಯ ಹೊಯ್ಗೆಗದ್ದೆಯಲ್ಲಿ
ಸೋಮಿ ಹೊಂಡಕ್ಕಿಳಿದು ನೀರು ಮೊಗೆಯುತ್ತಾಳೆ,
ಬುಡಕ್ಕೊಂದು ಕೊಡ, ದಿನಕ್ಕೆರಡು ಸಲ.
ಸಮುದ್ರ ಅಷ್ಟು ಹತ್ತಿರ. ಆದರೂ ಸಿಹಿನೀರು.

ಭಟ್ಕಳದ ಮುಜ್ತಬಾ ಸಾಹೇಬರು ಗೆಣ್ಣಿನಿಂದ ಬಡಿದು
ಕಿವಿಗೊಡುತ್ತಾರೆ, ಬಾಗಿಲ ಹೊರಗೆ ನಿಂತ ನೆಂಟರಂತೆ.
ಟಣ್ ಅಂದರೆ ಇನ್ನೂ ನಾಲ್ಕು ದಿನ,
ದಬ್ ಅಂದರೆ ದುಬೈ.

"ಅಲ್ಲೂ ಬರೀ ಹೊಯ್ಗೆಯಂತೆ, ಹೌದಾ?"
"ಹೌದು. ನೀರೇ ಇಲ್ಲ."
"ಹಾಗಾದರೆ ಕೊಡವನ್ನೇ ಕಳಿಸ್ತಿದ್ದೇನೆ ಅನ್ನಿ,
ಬಾಯಿ ಕಟ್ಟಿದ್ದು."

ನಂಬಿಕೆಗೆಂದು ಒಂದಕ್ಕೆ ಚೂರಿಯಿಟ್ಟು
ಮೂರು ಮೂಲೆಯ ಚಕ್ಕೆ ತೆಗೆದರು. ಕೆಂಪು.
ಹುಲ್ಲು ಹಾಸಿದ ಲಾರಿ ತುಂಬಿತು;
ಗಾಯವಾದದ್ದು ಹಡಗು ಹತ್ತುವುದಿಲ್ಲ.

ಅದನ್ನು ಬದುವಿಗೆ ಕುಕ್ಕಿ ಒಡೆದು
ಅವಳೂ ಕ್ಲೀನರ್ ಹುಡುಗನೂ ತಿಂದರು.
ಅವನು ಬೀಜ ಉಗಿದಲ್ಲೆಲ್ಲ
ಸೋಮಿ, ಮಾತಾಡುತ್ತಲೇ,
ಕಾಲಿನಿಂದ ಹೊಯ್ಗೆ ಸರಿಸಿದಳು.